ಮನೆಯ ನಾಯಿಗೆ ಮನುಷ್ಯರ ಗುಳಿಗೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳಲ್ಲಿ ನಾಯಿಯಿಲ್ಲದ ಒಕ್ಕಲುಮನೆ ಅಪೂರ್ವ. ಕುರಿಯ ರೊಪ್ಪವನ್ನು ಕಾಯುವುದಕ್ಕೂ, ಕಡಲೆಕಾಯಿಯ ಹೊಲಕ್ಕೆ ನುಗ್ಗುವ ಹಂದಿಗಳನ್ನು ಬೆದರಿಸುವುದಕ್ಕೂ, ಬೆಟ್ಟದ ಮಗ್ಗುಲಿನ ಗ್ರಾಮಗಳಲ್ಲಿ ಚಿರತೆ ಕರಡಿಗಳ ಸುಳಿವನ್ನು ಮೊದಲು ತಿಳಿಸುವುದಕ್ಕೂ ನಾಯಿಯೇ ಬೇಕು. ಈಚಿನ ವರ್ಷಗಳಲ್ಲಿ ಪೇಟೆಯಿಂದ ತಂದ ಪೊಮೇರಿಯನ್ ಮೊದಲಾದ ಸಣ್ಣ ಜಾತಿಯ ನಾಯಿಗಳೂ ಜಗುಲಿಗಳ ಮೇಲೆ ಕಾಣಬರುತ್ತವೆ. ಎತ್ತಿಗೆ ಕಾಯಿಲೆಯಾದರೆ ಒಡನೆಯೇ ಪಶುವೈದ್ಯರನ್ನು ಕರೆಯಿಸುವ ಯಜಮಾನರು, ನಾಯಿ ಮಂಕಾಗಿ ಮಲಗಿದರೆ ಮಾತ್ರ ಗೂಡಿನಲ್ಲಿರುವ ತಮ್ಮ ಜ್ವರದ ಗುಳಿಗೆಯನ್ನೇ ಅನ್ನದಲ್ಲಿ ಕಲಸಿ ಹಾಕುವುದುಂಟು. ಇದು ದಯೆಯಿಂದ ಮಾಡುವ ಕಾರ್ಯವೇ ಸರಿ. ಆದರೆ ಇದರಿಂದ ಸಾಯಬೇಕಿಲ್ಲದ ನಾಯಿಯೂ ಸಾಯಬಹುದೆಂಬುದನ್ನು ಗ್ರಾಮದ ಮುಖ್ಯಸ್ಥರು ತಾವು ತಿಳಿದು ಇತರರಿಗೂ ತಿಳಿಸತಕ್ಕದ್ದು.

ಮೊದಲನೆಯದಾಗಿ ತೂಕದ ಲೆಕ್ಕವನ್ನು ನೋಡೋಣ. ವೈದ್ಯರ ಚೀಟಿಯಿಲ್ಲದೆ ಅಂಗಡಿಯಲ್ಲಿ ದೊರೆಯುವ ಪ್ಯಾರಾಸಿಟಮಾಲ್ ಗುಳಿಗೆಯಲ್ಲಿ ಸಾಮಾನ್ಯವಾಗಿ 500 ಅಥವಾ 650 ಮಿಲಿಗ್ರಾಂ ಔಷಧವಿರುವುದು. 60 ಕಿಲೋ ತೂಕದ ಮನುಷ್ಯನು 650 ಮಿಲಿಗ್ರಾಂ ಗುಳಿಗೆಯೊಂದನ್ನು ನುಂಗಿದರೆ ಅವನ ದೇಹದ ಕಿಲೋ ಒಂದಕ್ಕೆ ಸುಮಾರು 11 ಮಿಲಿಗ್ರಾಂ ಬೀಳುವುದು. ಅದೇ ಗುಳಿಗೆ 5 ಕಿಲೋ ತೂಕದ ನಾಯಿಯ ಹೊಟ್ಟೆಯನ್ನು ಸೇರಿದರೆ ಕಿಲೋ ಒಂದಕ್ಕೆ 130 ಮಿಲಿಗ್ರಾಂ ಆಗುವುದು. ಎಂದರೆ ಆ ಮನುಷ್ಯನು ಹನ್ನೆರಡು ಗುಳಿಗೆಗಳನ್ನು ಒಂದೇ ಸಲಕ್ಕೆ ನುಂಗಿದ ಹಾಗೆ. ಕಿಲೋ ಒಂದಕ್ಕೆ 100 ಮಿಲಿಗ್ರಾಂ ಆಸುಪಾಸಿನಿಂದಲೇ ನಾಯಿಯ ಪಿತ್ತಜನಕಾಂಗ ಕೆಡುವ ಭಯವುಂಟು. ಬೆಕ್ಕಿಗಂತೂ ಈ ಔಷಧದ ಒಂದೇ ಗುಳಿಗೆ ಪ್ರಾಣಾಂತಿಕವಾದದ್ದು. ಅದರ ರಕ್ತ ಕಂದು ಬಣ್ಣಕ್ಕೆ ತಿರುಗಿ ಉಸಿರು ಸಾಲದಾಗುವುದು.

ಹಾಗಾದರೆ ಗುಳಿಗೆಯನ್ನು ಮುರಿದು ಕಾಲುಭಾಗ ಹಾಕಿದರಾಯಿತು ಎಂದು ಕೆಲವರು ಹೇಳುವರು. ಮೈಕೈ ನೋವಿಗೆ ನಾವು ನುಂಗುವ ಐಬುಪ್ರೊಫೆನ್, ಡೈಕ್ಲೊಫೆನಾಕ್, ನ್ಯಾಪ್ರಾಕ್ಸೆನ್ ಇವುಗಳ ವಿಷಯದಲ್ಲಿ ಈ ಯುಕ್ತಿ ನಡೆಯದು. ಇಲ್ಲಿ ತೂಕವಷ್ಟೇ ಅಲ್ಲ, ದೇಹದ ಧರ್ಮವೇ ಬೇರೆ. ಮನುಷ್ಯನ ದೇಹವು ನ್ಯಾಪ್ರಾಕ್ಸೆನ್ ಔಷಧದ ಅರ್ಧಭಾಗವನ್ನು ಸುಮಾರು ಅರ್ಧ ದಿನದಲ್ಲಿ ಹೊರಹಾಕಿದರೆ, ನಾಯಿಯ ದೇಹಕ್ಕೆ ಅದಕ್ಕೆ ಮೂರು ದಿನಗಳು ಹಿಡಿಯುವುವು. ಪಿತ್ತದೊಡನೆ ಕರುಳಿಗೆ ಇಳಿದ ಔಷಧವು ಮತ್ತೆ ರಕ್ತವನ್ನೇ ಸೇರುತ್ತ ಸುತ್ತುತ್ತಿರುವುದೇ ಇದಕ್ಕೆ ಕಾರಣ. ಈ ಜಾತಿಯ ಔಷಧಗಳು ಜಠರದ ಒಳಪೊರೆಯನ್ನು ಕಾಯುವ ಸತ್ತ್ವವನ್ನು ತಡೆಯುವುದರಿಂದ ಹುಣ್ಣಾಗಿ ರಕ್ತ ಒಸರುವುದು. ಪ್ರಮಾಣ ಹೆಚ್ಚಿದರೆ ಮೂತ್ರಪಿಂಡಗಳೂ ಕೆಡುವುವು. ವಾಂತಿ, ಮೇವು ಬಿಡುವುದು, ಡಾಂಬರಿನಂತೆ ಕಪ್ಪಾದ ಮಲ, ಬಿಳಿಚಿದ ವಸಡು ಇವು ಕಂಡುಬಂದರೆ ಹುಣ್ಣಾಗಿದೆಯೆಂದು ಸಂಶಯಪಡಬೇಕು. ನೋವಿಗೆ ಮಂಡಿಗೆ ಸವರಿಕೊಂಡ ಮುಲಾಮನ್ನು ನಾಯಿ ನೆಕ್ಕಿದರೂ ವಿಷ ಒಳಸೇರಬಹುದು. ಇದನ್ನು ಯಾರೂ ಗಮನಕ್ಕೆ ತಂದುಕೊಳ್ಳುವುದಿಲ್ಲ.

ಒಂದು ಪ್ರಾಣಿಗೆ ಹಿತವಾದದ್ದು ಇನ್ನೊಂದಕ್ಕೆ ಮೃತ್ಯುವಾಗುವುದಕ್ಕೆ ನಮ್ಮ ದೇಶವೇ ದೊಡ್ಡ ನಿದರ್ಶನವನ್ನು ಕಂಡಿದೆ. ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಸತ್ತ ದನದ ಮಾಂಸದಲ್ಲಿ ಉಳಿದು, ಅದನ್ನು ತಿಂದ ರಣಹದ್ದುಗಳ ಮೂತ್ರಪಿಂಡಗಳನ್ನು ಕೆಡಿಸಿ, ಲಕ್ಷಾಂತರ ಹದ್ದುಗಳನ್ನು ಕೊಂದಿತು. ಕಾರಣವು 2004ರಲ್ಲಿ ಪ್ರಕಟವಾಯಿತು; 2006ರಲ್ಲಿ ಪಶುಗಳಿಗೆಂದು ಅದನ್ನು ತಯಾರಿಸುವುದನ್ನು ಭಾರತ ಸರ್ಕಾರವು ನಿಲ್ಲಿಸಿತು. ಆದರೂ ಮನುಷ್ಯರ ದೊಡ್ಡ ಸೀಸೆಗಳನ್ನು ಕೊಂಡು ದನಕ್ಕೆ ಚುಚ್ಚುವವರಿದ್ದ ಕಾರಣ, 2015ರಲ್ಲಿ ಮನುಷ್ಯರ ಚುಚ್ಚುಮದ್ದನ್ನು 3 ಮಿಲಿಲೀಟರಿನ ಒಂದೇ ವೇಳೆಯ ಸೀಸೆಗೆ ಮಿತಿಗೊಳಿಸಬೇಕಾಯಿತು. ನಮ್ಮ ನೆರೆಯ ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಗೊತ್ತುಮಾಡಿದ್ದು ಅಳಿದುಳಿದ ಈ ಹದ್ದುಗಳಿಗಾಗಿಯೇ.

ಇನ್ನು ಜ್ವರದ ವಿಚಾರ. ನಾಯಿಯ ಕಿವಿಯನ್ನು ಮುಟ್ಟಿ ಬಿಸಿಯಾಗಿದೆಯೆಂದು ಗುಳಿಗೆ ಹಾಕುವವರು ಒಂದು ಸಂಗತಿಯನ್ನು ಮರೆಯುವರು. ಮನುಷ್ಯನ ಮೈಶಾಖ 98.6 ಡಿಗ್ರಿ ಫ್ಯಾರನ್‌ಹೀಟ್ ಇದ್ದರೆ ಆರೋಗ್ಯವಂತ ನಾಯಿಯದು 101ರಿಂದ 102.5ರ ವರೆಗೂ ಇರುವುದು. ಆದಕಾರಣ ಅದು ನಮ್ಮ ಕೈಗೆ ಯಾವಾಗಲೂ ಬಿಸಿಯೇ. ನಿಜವಾಗಿ ಜ್ವರ ಬಂದಿದ್ದರೆ ಈ ಸೀಮೆಯಲ್ಲಿ ಬಹಳ ಸಲ ಉಣ್ಣಿಗಳಿಂದ ಹರಡುವ ರೋಗವನ್ನು ನೆನೆಯಬೇಕು. ರಕ್ತಪರೀಕ್ಷೆ ಮಾಡಿಸಿ ತಕ್ಕ ಔಷಧ ಕೊಟ್ಟರೆ ಗುಣವಾಗುವ ಈ ರೋಗವನ್ನು ಜ್ವರದ ಗುಳಿಗೆಯು ನಾಲ್ಕು ದಿನ ಮರೆಮಾಡಿ ಬಲಿಯಗೊಡುವುದು. ಉಣ್ಣಿ ಹೋಗಲೆಂದು ಬೆಳೆಗೆ ಸಿಂಪಡಿಸುವ ಕೀಟನಾಶಕವನ್ನು ನಾಯಿಯ ಮೈಗೆ ಹಚ್ಚುವುದು ಇದಕ್ಕಿಂತಲೂ ಕೆಟ್ಟ ಪದ್ಧತಿ. ಅದನ್ನು ಖಂಡಿತವಾಗಿ ಬಿಡಬೇಕು.

ಎಲ್ಲಕ್ಕಿಂತ ಹೆಚ್ಚಿನ ಭಯವು ನಾಯಿಗಲ್ಲ, ಗುಳಿಗೆ ನುಂಗಿಸುವವನಿಗೇ. ಮಂಕಾಗಿ ಮೂಲೆ ಸೇರಿರುವುದು, ಜೊಲ್ಲು ಸುರಿಸುವುದು, ಧ್ವನಿ ಬದಲಾಗುವುದು, ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ ಬಾಯಿ ತೆರೆದಿರುವುದು ಇವು ಹುಚ್ಚುನಾಯಿ ರೋಗದ ಗುರುತುಗಳೂ ಆಗಬಹುದು. ಮೂಳೆ ಸಿಕ್ಕಿದೆಯೆಂದು ಬಾಯೊಳಗೆ ಕೈ ಹಾಕಿದವನ ಬೆರಳಿನ ಗೀರಿನ ಮೂಲಕ ಜೊಲ್ಲಿನ ವಿಷ ಒಳಸೇರುವುದು. ಗುರುತುಗಳು ತೋರಿದ ಮೇಲೆ ಈ ರೋಗಕ್ಕೆ ಚಿಕಿತ್ಸೆಯಿಲ್ಲ. ಅಂಥ ನಾಯಿಯನ್ನು ಮುಟ್ಟದೆ ಕೂಡಿಹಾಕಿ ಪಶುವೈದ್ಯರಿಗೆ ತಿಳಿಸತಕ್ಕದ್ದು. ಕಚ್ಚಿದರೆ ಅಥವಾ ಜೊಲ್ಲು ಗಾಯಕ್ಕೆ ತಗುಲಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅರಿಸಿನ ಸುಣ್ಣಗಳನ್ನು ಮೆತ್ತದೆ, ಆ ದಿನವೇ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದನ್ನು ಆರಂಭಿಸಿ, ವೈದ್ಯರು ಹೇಳಿದ ದಿನಗಳಲ್ಲಿ ತಪ್ಪದೆ ಪೂರ್ತಿಮಾಡಬೇಕು. ನಾಯಿಗೆ ಮೂರನೆಯ ತಿಂಗಳಿನಲ್ಲಿ, ಆಮೇಲೆ ವರ್ಷ ವರ್ಷವೂ ಲಸಿಕೆ ಹಾಕಿಸಿದ್ದರೆ ಈ ಪಾಡು ತಪ್ಪುವುದು.

ನಾಯಿ ತಾನಾಗಿ ಗುಳಿಗೆಯ ಪಟ್ಟಿಯನ್ನು ಕಚ್ಚಿ ತಿಂದಿದ್ದರೆ, ಉಪ್ಪುನೀರು, ಹುಣಿಸೆನೀರು, ಎಣ್ಣೆ ಇವನ್ನು ಹುಯ್ಯಬಾರದು. ಉಪ್ಪು ತಾನೇ ವಿಷವಾಗುವುದು. ಬಲವಂತವಾಗಿ ಹುಯ್ದ ಎಣ್ಣೆ ಶ್ವಾಸಕೋಶಕ್ಕೆ ಇಳಿಯುವುದು. ಮೊದಲ ಒಂದೆರಡು ಗಂಟೆಗಳೊಳಗೆ ವೈದ್ಯರ ಬಳಿಗೆ ಒಯ್ದರೆ ವಾಂತಿ ಮಾಡಿಸಿಯೋ ಇದ್ದಿಲುಪುಡಿ ಕೊಟ್ಟೋ ವಿಷವನ್ನು ತಡೆಯಬಹುದು. ಪ್ಯಾರಾಸಿಟಮಾಲಿಗೆ ಅಸಿಟೈಲ್ ಸಿಸ್ಟೀನ್ ಎಂಬ ಪ್ರತಿವಿಷವೂ ಉಂಟು. ಹರಿದ ಪಟ್ಟಿಯನ್ನು ಬಿಸಾಡದೆ ಜೊತೆಯಲ್ಲೇ ಒಯ್ಯಬೇಕು. ಎಷ್ಟು ಗುಳಿಗೆ, ಯಾವ ವೇಳೆ, ನಾಯಿಯ ತೂಕವೆಷ್ಟು ಎಂಬ ಮೂರನ್ನು ವೈದ್ಯರು ಕೇಳುವರು. ತೂಕ ತಿಳಿಯುವುದು ಕಷ್ಟವಲ್ಲ: ಮೂಟೆ ತೂಗುವ ತಕ್ಕಡಿಯ ಮೇಲೆ ನಾಯಿಯನ್ನೆತ್ತಿಕೊಂಡು ಒಮ್ಮೆ, ಬರಿಗೈಯಲ್ಲಿ ಒಮ್ಮೆ ನಿಂತು, ದೊಡ್ಡ ಲೆಕ್ಕದಿಂದ ಚಿಕ್ಕದನ್ನು ಕಳೆದರೆ ಆಯಿತು. ದೂರದ ಹಟ್ಟಿಗಳವರು ಪಶುಚಿಕಿತ್ಸೆಯ 1962 ಎಂಬ ದೂರವಾಣಿಗೆ ಕರೆಮಾಡಿ ಸಲಹೆ ಕೇಳಬಹುದು.