ಮನೆಯ ನೆರವು ಯಾರಿಗೆ? ಆದಾಯದ ಲೆಕ್ಕ ತಿಳಿಯಿರಿ



“ನನಗಿಂತ ಹೆಚ್ಚು ಹೊಲವಿದ್ದವನಿಗೆ ಮನೆ ಬಂತು, ನನಗೇಕೆ ಇಲ್ಲ?” ಎಂದು ಹಳ್ಳಿಗಳಲ್ಲಿ ಅನೇಕರು ಕೇಳುತ್ತಾರೆ. ಇದಕ್ಕೆ ಉತ್ತರ ನಿಯಮದಲ್ಲಿಯೇ ಇದೆ.

2016ರಲ್ಲಿ ಆರಂಭವಾದ ಗ್ರಾಮೀಣ ಪ್ರಧಾನ ಮಂತ್ರಿ ಆವಾಸ್ ಯೋಜನೆಯಲ್ಲಿ ಬಯಲು ಸೀಮೆಯ ಒಂದು ಮನೆಗೆ 1,20,000 ರೂ. ನೆರವು ಉಂಟು. ಮನೆಯಿಲ್ಲದವರಿಗೂ, ಒಂದೆರಡು ಕೋಣೆಯ ಕಚ್ಚಾ ಮನೆಯಲ್ಲಿರುವವರಿಗೂ ಇದು ಮೀಸಲು. ಆದರೆ ಮನೆ ಕಚ್ಚಾ ಇದ್ದರಷ್ಟೇ ಸಾಲದು; ಸಂಸಾರದ ಅನುಕೂಲವನ್ನೂ ನೋಡುತ್ತಾರೆ. 2024ರಲ್ಲಿ ತಿದ್ದಿದ ನಿಯಮದಂತೆ, ಕುಟುಂಬವನ್ನು ಕೈಬಿಡಲು ಹತ್ತು ಕಾರಣಗಳಿವೆ. ರೈತರಿಗೆ ಮುಖ್ಯವಾದವು ಇವು:

1. ಸಂಪಾದನೆ: ಮನೆಯಲ್ಲಿ ಯಾರಾದರೊಬ್ಬರು ತಿಂಗಳಿಗೆ 15,000 ರೂ.ಗಿಂತ ಹೆಚ್ಚು ಗಳಿಸಿದರೆ ನೆರವಿಲ್ಲ. ಮೊದಲು ಈ ಮಿತಿ 10,000 ರೂ. ಇತ್ತು. ಇಲ್ಲಿ ಎಲ್ಲರ ಗಳಿಕೆಯನ್ನು ಕೂಡಿಸುವುದಿಲ್ಲ ಎಂಬುದನ್ನು ಗಮನಿಸಿರಿ. ತಂದೆ 9,000, ಮಗ 9,000 ಗಳಿಸಿದರೆ ಅಡ್ಡಿಯಿಲ್ಲ. ಮಗನೊಬ್ಬನೇ ತೋರಣಗಲ್ಲಿನಲ್ಲಿ ದುಡಿದು 16,000 ತಂದರೆ ಅಡ್ಡಿ ಬರುತ್ತದೆ.

2. ಭೂಮಿ: ಬೇಸಾಯದ ವರಮಾನಕ್ಕೆ ಸಂಬಳದ ಚೀಟಿ ಇರುವುದಿಲ್ಲ. ಆದ್ದರಿಂದ ಇಲ್ಲಿ ಹೊಲವೇ ಅಳತೆಗೋಲು. ನೀರಾವರಿ ಭೂಮಿ ಎರಡೂವರೆ ಎಕರೆ, ಅಂದರೆ 2 ಎಕರೆ 20 ಗುಂಟೆ ಮುಟ್ಟಿದರೆ ನೆರವಿಲ್ಲ. ಖುಷ್ಕಿಯಾದರೆ 5 ಎಕರೆ ಮುಟ್ಟಬಾರದು. ಸಿರುಗುಪ್ಪದಲ್ಲಿ ತುಂಗಭದ್ರಾ ಕಾಲುವೆಯ ಕೆಳಗೆ 3 ಎಕರೆ ಭತ್ತದ ಗದ್ದೆಯಿರುವವರು ಹೊರಗೆ. ಮಳೆ ನಂಬಿ 4 ಎಕರೆ ಎರೆಹೊಲ ಮಾಡುವವರು ಒಳಗೆ. ಮೇಲಿನ ಪ್ರಶ್ನೆಗೆ ಇದೇ ಉತ್ತರ.

ಕಾಲುವೆಯ ಕೊನೆಯ ಭಾಗದ ರೈತರು ಎಚ್ಚರದಿಂದಿರಬೇಕು. ಹೊಲಕ್ಕೆ ನೀರು ಬಾರದಿದ್ದರೂ ಪಹಣಿಯಲ್ಲಿ ನೀರಾವರಿ ಎಂದಿದ್ದರೆ ತೊಂದರೆಯಾದೀತು. ಈಗಲೇ ಪಹಣಿ ತೆಗೆಸಿ ಓದಿಸಿರಿ. ತಪ್ಪಿದ್ದರೆ ತಹಶೀಲ್ದಾರರ ಕಚೇರಿಗೆ ಅರ್ಜಿ ಕೊಡಿರಿ.

3. ಸಾಲ: ಕಿಸಾನ್ ಕ್ರೆಡಿಟ್ ಕಾರ್ಡಿನ ಮಿತಿ 50,000 ರೂ. ಅಥವಾ ಹೆಚ್ಚಿದ್ದರೆ ನೆರವಿಲ್ಲ. ನೀವು ತೆಗೆದ ಹಣವನ್ನಲ್ಲ, ಕಾರ್ಡಿನ ಮಿತಿಯನ್ನು ನೋಡುತ್ತಾರೆ.

4. ವಾಹನ: ಟ್ರ್ಯಾಕ್ಟರ್, ಆಟೋ, ಕಾರು ಅಡ್ಡಿ. ಬೈಕು ಮೊದಲು ಅಡ್ಡಿಯಾಗಿತ್ತು, 2024ರಿಂದ ಅಡ್ಡಿಯಲ್ಲ.

ಸರ್ಕಾರಿ ನೌಕರರಿರುವ, ಆದಾಯ ತೆರಿಗೆ ಇಲ್ಲವೆ ವೃತ್ತಿ ತೆರಿಗೆ ಕಟ್ಟುವ ಮನೆಗಳಿಗೂ ನೆರವಿಲ್ಲ.

ಬಳ್ಳಾರಿ ನಗರದಲ್ಲಿ ನೆಲೆಸಿದವರ ಲೆಕ್ಕವೇ ಬೇರೆ. 2024ರಲ್ಲಿ ಆರಂಭವಾದ ನಗರ ಯೋಜನೆಯ ಎರಡನೆಯ ಹಂತದಲ್ಲಿ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು ಒಂದು ಕುಟುಂಬ. ಇಡೀ ಕುಟುಂಬದ ವರ್ಷದ ಆದಾಯ ನೋಡುತ್ತಾರೆ. 3 ಲಕ್ಷದವರೆಗೆ ಒಂದು ವರ್ಗ, 6 ಲಕ್ಷದವರೆಗೆ ಇನ್ನೊಂದು, 9 ಲಕ್ಷದವರೆಗೆ ಮೂರನೆಯದು. ಆದ್ದರಿಂದ ಊರಿನ ಲೆಕ್ಕವನ್ನು ಪಟ್ಟಣಕ್ಕೆ ಹಚ್ಚಬೇಡಿರಿ.

ಕಡೆಯದಾಗಿ ಒಂದು ಮಾತು. ಫಲಾನುಭವಿಗಳ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಪರಿಶೀಲಿಸಬೇಕು. ಆ ದಿನ ತಪ್ಪದೆ ಹೋಗಿರಿ, ಮನೆಯ ಹೆಣ್ಣುಮಕ್ಕಳನ್ನೂ ಕರೆದುಕೊಂಡು ಹೋಗಿರಿ. ಮನೆ ಮಂಜೂರಾಗುವುದು ಸಾಮಾನ್ಯವಾಗಿ ಹೆಂಗಸಿನ ಹೆಸರಿಗೆ, ಇಲ್ಲವೆ ಗಂಡ ಹೆಂಡತಿ ಇಬ್ಬರ ಹೆಸರಿಗೆ. ಅನುಕೂಲಸ್ಥರ ಹೆಸರು ಸೇರಿದ್ದರೆ, ಬಡವರ ಹೆಸರು ಬಿಟ್ಟಿದ್ದರೆ, ಸಭೆಯಲ್ಲಿಯೇ ಎದ್ದು ಹೇಳಿರಿ.