ಮನೆಯನ್ನೂ ಸಾಕಬೇಕು

ಹಸು ಕಟ್ಟಿದವರು ಹುಲ್ಲು, ಹಿಂಡಿಯ ಖರ್ಚು ಲೆಕ್ಕ ಹಾಕುತ್ತಾರೆ. ಮನೆ ಕಟ್ಟಿದವರೂ ಹಾಗೇ ಲೆಕ್ಕ ಹಾಕಬೇಕು. ಮನೆಗೂ ವರ್ಷ ವರ್ಷ ಖರ್ಚು ಇದೆ. ಈ ಮಾತು ಓದಿ.

ತಂಗಿ: ಅಕ್ಕಾ, ಮನೆ ಕಟ್ಟಿ ಮೂರು ವರ್ಷ ಆಯ್ತು. ಈಗ ತಾರಸಿ ಸೋರ್ತಿದೆ. ಮೇಸ್ತ್ರಿ ಆರು ಸಾವಿರ ಕೇಳ್ತಾನೆ. ಓಲೆ ಗಿರವಿ ಇಡೋಣ ಅಂತಾರೆ ಇವರು.

ಅಕ್ಕ: ಮುಂಚೆ ಎಷ್ಟು ಬಾಡಿಗೆ ಕೊಡ್ತಿದ್ದೆ?

ತಂಗಿ: ತಿಂಗಳಿಗೆ ಒಂದೂವರೆ ಸಾವಿರ. ಈಗ ಅದು ಉಳೀತಲ್ಲ!

ಅಕ್ಕ: ಉಳಿದ ದುಡ್ಡು ಎಲ್ಲಿ?

ತಂಗಿ: ಖರ್ಚಾಗಿ ಹೋಯ್ತಕ್ಕಾ.

ಅಕ್ಕ: ಅದರಲ್ಲಿ ಐನೂರು ಮನೆಗೇ ಅಂತ ಎತ್ತಿಡಬೇಕಿತ್ತು. ಸ್ವಂತ ಮನೆ ಬಾಡಿಗೆ ಕೇಳಲ್ಲ. ಆದ್ರೆ ವರ್ಷಕ್ಕೊಮ್ಮೆ ಕೈ ಚಾಚುತ್ತೆ.

ಮಳೆಯ ಖರ್ಚು

ಗೂಡಲೂರಿನಲ್ಲಿ ಜೂನ್‌ನಿಂದ ಜೋರು ಮಳೆ. ಕುನ್ನೂರು, ಕೋತಗಿರಿ ಕಡೆ ಅಕ್ಟೋಬರ್, ನವೆಂಬರ್‌ನಲ್ಲಿ ಹೆಚ್ಚು. 2019ರ ಆಗಸ್ಟ್ 8ರಂದು ಅವಲಾಂಚಿಯಲ್ಲಿ ಒಂದೇ ದಿನ 82 ಸೆಂಟಿಮೀಟರ್ ಮಳೆ ಬಿತ್ತು.

ತಾರಸಿಯಲ್ಲಿ ಎಲೆ, ಪಾಚಿ ಕಟ್ಟಿದರೆ ನೀರು ನಿಲ್ಲುತ್ತದೆ. ಬಿರುಕಿನಲ್ಲಿ ಇಳಿಯುತ್ತದೆ. ಒಳಗಿನ ಕಬ್ಬಿಣದ ಕಂಬಿ ತುಕ್ಕು ಹಿಡಿದು ಉಬ್ಬುತ್ತದೆ. ಆಮೇಲೆ ಸಿಮೆಂಟು ಉದುರುತ್ತದೆ. ಆದ್ದರಿಂದ ಮಳೆಗೆ ಮೊದಲೇ ಬಿರುಕು ಮುಚ್ಚಿಸಿ. ಸಣ್ಣ ಖರ್ಚಿನಲ್ಲಿ ಮುಗಿಯುತ್ತದೆ.

ಮನೆ ಹಿಂದೆ ಗುಡ್ಡ ಇದ್ದರೆ ಚರಂಡಿಯ ಮಣ್ಣು ತೆಗೆಸಿ. ನೀರು ನಿಂತರೆ ಗುಡ್ಡದ ಮಣ್ಣು ಸಡಿಲವಾಗುತ್ತದೆ. 2009ರ ನವೆಂಬರ್‌ನಲ್ಲಿ ನಮ್ಮ ನೀಲಗಿರಿಯಲ್ಲಿ ಗುಡ್ಡ ಕುಸಿದು 40ಕ್ಕೂ ಹೆಚ್ಚು ಜನ ಸತ್ತರು. ಗುಡ್ಡ ಬಿರುಕು ಬಿಟ್ಟರೆ ರಿಪೇರಿ ಎಂದು ಕಾಯಬೇಡಿ. ಮೊದಲು ಮನೆ ಬಿಟ್ಟು ಹೊರಡಿ. ಅಧಿಕಾರಿಗಳಿಗೆ ತಿಳಿಸಿ.

ಮಸಿನಗುಡಿ, ಗೂಡಲೂರು ಕಡೆ ಆನೆಯ ಕಾಟವೂ ಇದೆ. ಆನೆ ಗೋಡೆ ಕೆಡವಿದರೆ ಪರಿಹಾರಕ್ಕೆ ಅರಣ್ಯ ಇಲಾಖೆಗೆ ಅರ್ಜಿ ಕೊಡಿ. ಪರಿಹಾರ ಬರುವ ತನಕ ಕೈಯಲ್ಲಿ ಸ್ವಲ್ಪ ಹಣ ಇರಬೇಕು.

ಮನೆ ಕಂದಾಯ

ಉದಕಮಂಡಲ, ಗೂಡಲೂರು ನಗರಸಭೆಗಳಲ್ಲಿ ಆರು ತಿಂಗಳಿಗೊಮ್ಮೆ ಮನೆ ಕಂದಾಯ ಕಟ್ಟಬೇಕು. ಏಪ್ರಿಲ್ 30 ಮತ್ತು ಅಕ್ಟೋಬರ್ 31ರ ಒಳಗೆ ಕಟ್ಟಿದರೆ 100 ರೂಪಾಯಿಗೆ 5 ರೂಪಾಯಿ ರಿಯಾಯಿತಿ. ತಡ ಮಾಡಿದರೆ ಬಡ್ಡಿ ಬೀಳುತ್ತದೆ. ರಸೀದಿ ಜೋಪಾನ ಮಾಡಿ.

ಅಕ್ಕ ಹಾಕಿಕೊಟ್ಟ ಒಂದು ವರ್ಷದ ಲೆಕ್ಕ

ತಾರಸಿ ರಿಪೇರಿ: 2,400 ರೂ.
ಚರಂಡಿ, ತಡೆಗೋಡೆ: 1,500 ರೂ.
ನಲ್ಲಿ, ವೈರು, ಬಾಗಿಲು: 1,200 ರೂ.
ಕಂದಾಯ, ನೀರಿನ ಹಣ: 900 ರೂ.
ಒಟ್ಟು: 6,000 ರೂ.

6,000 ÷ 12 = 500. ತಿಂಗಳಿಗೆ 500 ರೂಪಾಯಿ.

ಇದು ಒಂದು ಮನೆಯ ಲೆಕ್ಕ. ನಿಮ್ಮ ಮನೆಯ ಲೆಕ್ಕ ಬೇರೆ ಇರಬಹುದು. ಒಟ್ಟಿಗೆ 6,000 ಹೊಂದಿಸುವುದು ಕಷ್ಟ. ತಿಂಗಳಿಗೆ 500 ಎತ್ತಿಡುವುದು ಅಷ್ಟು ಕಷ್ಟವಲ್ಲ. ಈ ಹಣವನ್ನು ಅಂಚೆ ಕಚೇರಿಯಲ್ಲೋ ಬ್ಯಾಂಕಿನಲ್ಲೋ ಇಡಿ. ಹಬ್ಬಕ್ಕೆ, ಬಟ್ಟೆಗೆ ತೆಗೆಯಬೇಡಿ.

ಹೊಸ ಪದಗಳು: ತಾರಸಿ, ಬಿರುಕು, ತುಕ್ಕು, ತಡೆಗೋಡೆ, ಕಂದಾಯ, ರಸೀದಿ

ಅಭ್ಯಾಸ

1. ತಾರಸಿ ಏಕೆ ಸೋರುತ್ತದೆ?
2. ಗುಡ್ಡ ಬಿರುಕು ಬಿಟ್ಟರೆ ಮೊದಲು ಏನು ಮಾಡಬೇಕು?
3. ತಂಗಿ ಮೂರು ವರ್ಷ, ತಿಂಗಳಿಗೆ 500 ರೂಪಾಯಿ ಎತ್ತಿಟ್ಟಿದ್ದರೆ ಎಷ್ಟು ಹಣ ಇರುತ್ತಿತ್ತು? ಓಲೆ ಗಿರವಿ ಇಡಬೇಕಾಗಿತ್ತೇ?
4. ನಿಮ್ಮ ಮನೆಯ ಒಂದು ವರ್ಷದ ಖರ್ಚು ಬರೆಯಿರಿ. ಕೂಡಿಸಿ, 12ರಿಂದ ಭಾಗಿಸಿ.