ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ತರುವಾಯ ಕ್ಯಾಲ್ಸಿಯಂ ಗುಳಿಗೆಯ ಆಯ್ಕೆ

ಸ್ಥೌಲ್ಯದ ವಿಚಾರವನ್ನು ಚರಕಾಚಾರ್ಯರು ಸೂತ್ರಸ್ಥಾನದ 21ನೆಯ ಅಧ್ಯಾಯದಲ್ಲಿ ವಿವರವಾಗಿ ಚರ್ಚಿಸಿದ್ದಾರೆ. ಆಹಾರ ನಿಯಮ, ವ್ಯಾಯಾಮಗಳಿಂದ ತೂಕ ಇಳಿಯದವರು ಈಗ ಜಠರದ ಶಸ್ತ್ರಚಿಕಿತ್ಸೆಯ ಮೊರೆ ಹೋಗುತ್ತಿದ್ದಾರೆ. ನಮ್ಮ ಸಾಯಗಾಂವ, ಭಾಲ್ಕಿ, ಔರಾದ ಭಾಗದಿಂದಲೂ ಇದಕ್ಕಾಗಿ ಹೈದರಾಬಾದಿಗೆ ಹೋಗಿಬಂದವರಿದ್ದಾರೆ. ಶಸ್ತ್ರಚಿಕಿತ್ಸೆ ಒಂದು ದಿನದ್ದು, ಅದರ ನಂತರದ ಪಥ್ಯ ಮಾತ್ರ ಜೀವನಪರ್ಯಂತದ್ದು. ಊರಿಗೆ ಮರಳಿದವರು ಮರೆಯುವುದು ಇದನ್ನೇ.

ನಾಲ್ಕು ವರ್ಷಗಳ ಹಿಂದೆ ಬೈಪಾಸ್ ಮಾಡಿಸಿಕೊಂಡ ತಾಯಿಯೊಬ್ಬರು ನಮ್ಮಲ್ಲಿಗೆ ಬಂದರು. ದಾಸೋಹದ ಪಂಕ್ತಿಯಲ್ಲಿ ಕುಳಿತರೆ ನೆಲಕ್ಕೆ ಕೈ ಊರದೆ ಏಳಲಾಗುತ್ತಿರಲಿಲ್ಲ. ಬೆರಳುಗಳಲ್ಲಿ ಜುಮುಗುಟ್ಟುವಿಕೆ, ತೊಡೆಯ ಎಲುಬುಗಳಲ್ಲಿ ನೋವು. "ರಕ್ತದಾಗ ಕ್ಯಾಲ್ಸಿಯಂ ನಾರ್ಮಲ್ ಅದ ಅಂತ ರಿಪೋರ್ಟ್ ಬಂದದರಿ ಸಾಹೇಬ್ರ, ಮತ್ಯಾಕ ಗುಳಿಗಿ?" ಎಂದು ಅವರು ಕೇಳಿದರು. ಒಂದು ಸಂಗತಿಯನ್ನು ಮುಚ್ಚಿಡಲಾರೆವು. ಎರಡು ವರ್ಷಗಳ ಹಿಂದೆ ಇದೇ ತಾಯಿಗೆ ಶಂಖಭಸ್ಮ ಕೊಟ್ಟು, ಎಲುಬಿಗೆ ಇಷ್ಟು ಸಾಕೆಂದು ಹೇಳಿ ಕಳುಹಿಸಿದವರು ನಾವೇ.

ಆ ರಿಪೋರ್ಟಿನ ಮಾತನ್ನು ಮೊದಲು ನೋಡೋಣ. ಹಗೇವಿನಿಂದ ದಿನವೂ ಜೋಳ ತೆಗೆದು ಅಡುಗೆಮನೆಯ ಡಬ್ಬಿ ತುಂಬುತ್ತಿದ್ದರೆ ಡಬ್ಬಿ ಎಂದೂ ಬರಿದಾಗಿ ಕಾಣದು. ಹಾಗೆಯೇ ಆಹಾರದಿಂದ ಕ್ಯಾಲ್ಸಿಯಂ ಬರದಿದ್ದಾಗ ಪ್ಯಾರಾಥೈರಾಯ್ಡ್ ಗ್ರಂಥಿಯು ಎಲುಬಿನಿಂದ ಅದನ್ನು ತೆಗೆದು ರಕ್ತಕ್ಕೆ ಒದಗಿಸುತ್ತದೆ. ರಕ್ತದ ಪ್ರಮಾಣ ಸರಿಯಿದ್ದೂ ಅಸ್ಥಿಧಾತು ಕ್ಷೀಣಿಸುತ್ತಿರಬಹುದು. ಆದ್ದರಿಂದ ವರ್ಷಕ್ಕೊಮ್ಮೆಯಾದರೂ ವಿಟಮಿನ್ ಡಿ ಮತ್ತು ಪ್ಯಾರಾಥೈರಾಯ್ಡ್ ಹಾರ್ಮೋನಿನ ಪರೀಕ್ಷೆಯನ್ನೂ ಮಾಡಿಸಬೇಕು. ಆ ತಾಯಿಯಲ್ಲಿ ಮೊದಲನೆಯದು ಬಹಳ ಕಡಿಮೆ, ಎರಡನೆಯದು ಬಹಳ ಹೆಚ್ಚು ಇತ್ತು.

ಕ್ಯಾಲ್ಸಿಯಂ ಮುಖ್ಯವಾಗಿ ಹೀರಲ್ಪಡುವುದು ಸಣ್ಣ ಕರುಳಿನ ಆರಂಭದ ಭಾಗದಲ್ಲಿ. ಬೈಪಾಸಿನಲ್ಲಿ ಅನ್ನವು ಆ ಭಾಗವನ್ನು ಮುಟ್ಟದೆ ಮುಂದೆ ಸಾಗುತ್ತದೆ. ಸ್ಲೀವ್ ಎಂಬ ಇನ್ನೊಂದು ವಿಧದಲ್ಲಿ ಕರುಳು ಹಾಗೆಯೇ ಇದ್ದರೂ ಜಠರದ ಬಹುಪಾಲನ್ನು ತೆಗೆಯುವುದರಿಂದ ಆಮ್ಲ ಕಡಿಮೆಯಾಗುತ್ತದೆ. ಅದರ ಮೇಲೆ ಆಮ್ಲ ತಗ್ಗಿಸುವ ಗುಳಿಗೆಯನ್ನೂ ಹಲವರು ನುಂಗುತ್ತಿರುತ್ತಾರೆ.

ಅಂಗಡಿಯಲ್ಲಿ ಅಗ್ಗವಾಗಿ ಸಿಗುವ ಕ್ಯಾಲ್ಸಿಯಂ ಕಾರ್ಬೊನೇಟ್ ಕರಗಲು ಆ ಆಮ್ಲವೇ ಬೇಕು. ಅದನ್ನು ಊಟದೊಡನೆಯೇ ತೆಗೆದುಕೊಳ್ಳಬೇಕು. ಕ್ಯಾಲ್ಸಿಯಂ ಸಿಟ್ರೇಟಿಗೆ ಆಮ್ಲದ ಹಂಗಿಲ್ಲ, ಖಾಲಿ ಹೊಟ್ಟೆಯಲ್ಲಿಯೂ ನಡೆಯುತ್ತದೆ. ಶ್ರಾವಣ ಸೋಮವಾರದ ಉಪವಾಸ ಬಿಡದವರಿಗೆ ಇದು ಅನುಕೂಲ. ಈ ರೋಗಿಗಳಿಗೆ ಸಿಟ್ರೇಟೇ ಉತ್ತಮವೆಂಬುದು ನಮ್ಮ ಅಭಿಪ್ರಾಯ, ಬೆಲೆ ಸ್ವಲ್ಪ ಹೆಚ್ಚಾದರೂ.

ಕೊಳ್ಳುವಾಗ ಡಬ್ಬಿಯ ದೊಡ್ಡ ಅಂಕಿಗೆ ಮರುಳಾಗಬಾರದು. ಕಾರ್ಬೊನೇಟಿನಲ್ಲಿ ಶೇ. 40ರಷ್ಟು, ಸಿಟ್ರೇಟಿನಲ್ಲಿ ಶೇ. 21ರಷ್ಟು ಮಾತ್ರ ನಿಜವಾದ ಕ್ಯಾಲ್ಸಿಯಂ ಇರುತ್ತದೆ. 1000 ಮಿ.ಗ್ರಾಂ. ಸಿಟ್ರೇಟ್ ಎಂದರೆ ದೇಹಕ್ಕೆ ಲೆಕ್ಕ 210 ಮಿ.ಗ್ರಾಂ. ಮಾತ್ರ. 'ಎಲಿಮೆಂಟಲ್ ಕ್ಯಾಲ್ಸಿಯಂ' ಎಂದು ಸಣ್ಣಕ್ಷರದಲ್ಲಿ ಮುದ್ರಿಸಿರುವ ಅಂಕಿಯನ್ನೇ ಓದಬೇಕು. ಬೈಪಾಸ್ ಹಾಗೂ ಸ್ಲೀವ್ ಆದವರಿಗೆ ಆಹಾರ, ಗುಳಿಗೆ ಎರಡೂ ಸೇರಿ ದಿನಕ್ಕೆ 1200ರಿಂದ 1500 ಮಿ.ಗ್ರಾಂ. ಬೇಕು. ಒಮ್ಮೆಗೆ 500-600ಕ್ಕಿಂತ ಹೆಚ್ಚು ಕೊಟ್ಟರೆ ಕರುಳು ಹೀರದು. ಆದ್ದರಿಂದ ಮೂರು ಸಲ ಹಂಚಿಕೊಳ್ಳಬೇಕು. 200 ಮಿ.ಲೀ. ಆಕಳ ಹಾಲಿನಲ್ಲಿ ಸುಮಾರು 240 ಮಿ.ಗ್ರಾಂ. ದೊರೆಯುತ್ತದೆ. ಎಳ್ಳಿನ ಹಿಂಡಿ, ನುಗ್ಗೆಸೊಪ್ಪಿನ ಪಲ್ಯ ಒಳ್ಳೆಯವೇ, ಆದರೆ ಅಂಗೈಯಷ್ಟು ಉಳಿದ ಜಠರಕ್ಕೆ ಎಷ್ಟು ಹಿಡಿಸೀತು?

ಕಬ್ಬಿಣಾಂಶದ ಗುಳಿಗೆಗೂ ಕ್ಯಾಲ್ಸಿಯಂಗೂ ಕನಿಷ್ಠ ಎರಡು ಗಂಟೆ, ಥೈರಾಯ್ಡ್ ಗುಳಿಗೆಗೆ ನಾಲ್ಕು ಗಂಟೆ ಅಂತರವಿರಲಿ. ವಿಟಮಿನ್ ಡಿ ಇಲ್ಲದೆ ಇದೆಲ್ಲ ವ್ಯರ್ಥ. ಅದರ ಪ್ರಮಾಣವನ್ನು ರಕ್ತಪರೀಕ್ಷೆ ನೋಡಿ ವೈದ್ಯರೇ ನಿರ್ಧರಿಸಬೇಕು.

ಇನ್ನು ನಮ್ಮ ಶಾಸ್ತ್ರದ ಭಸ್ಮಗಳು. ಶಂಖ, ಕಪರ್ದಿಕಾ, ಪ್ರವಾಳ, ಮುಕ್ತಾಶುಕ್ತಿ, ಇವೆಲ್ಲದರ ಮೂಲದ್ರವ್ಯವೂ ಬಹುತೇಕ ಕ್ಯಾಲ್ಸಿಯಂ ಕಾರ್ಬೊನೇಟೇ. ಶಂಖಭಸ್ಮದ ಮಾತ್ರೆ ಸಾಮಾನ್ಯವಾಗಿ 250 ಮಿ.ಗ್ರಾಂ., ಅದರಲ್ಲಿ ಕ್ಯಾಲ್ಸಿಯಂ ಸುಮಾರು 100 ಮಿ.ಗ್ರಾಂ. ಮೇಲಾಗಿ ಅದು ಅಮ್ಲಪಿತ್ತವನ್ನು ಶಮನಗೊಳಿಸುವ ಔಷಧ, ಇಲ್ಲಿಯೋ ಆಮ್ಲವೇ ಕೊರತೆ. ಅಗ್ನಿಮಾಂದ್ಯಕ್ಕೆ, ಉದರಶೂಲೆಗೆ ಅದರ ಉಪಯೋಗವನ್ನು ನಾವು ಅಲ್ಲಗಳೆಯುವುದಿಲ್ಲ. ಕರುಳಿನ ದಾರಿಯನ್ನೇ ಬದಲಿಸಿಕೊಂಡವರಿಗೆ ಅದು ಸಿಟ್ರೇಟಿನ ಸ್ಥಾನ ತುಂಬದು. ತಾಂಬೂಲದ ಸುಣ್ಣವೂ ಅಷ್ಟೇ.

ಮೂತ್ರಕೋಶದ ಹರಳಿಗೆ ಹೆದರಿ ಕೆಲವರು ಗುಳಿಗೆ ನಿಲ್ಲಿಸುತ್ತಾರೆ. ಬೈಪಾಸಿನ ನಂತರ ಆಕ್ಸಲೇಟ್ ಹೆಚ್ಚು ಹೀರಲ್ಪಟ್ಟು ಹರಳಾಗುವ ಸಂಭವವಿದೆ ನಿಜ, ಆದರೆ ಊಟದೊಡನೆ ತೆಗೆದುಕೊಂಡ ಸಿಟ್ರೇಟ್ ಆ ಆಕ್ಸಲೇಟನ್ನು ಕರುಳಿನಲ್ಲಿಯೇ ಹಿಡಿದಿಡುತ್ತದೆ. ಮೊದಲೇ ಹರಳಿದ್ದವರು ವೈದ್ಯರಿಗೆ ತಿಳಿಸಿ, ನೀರನ್ನು ಗುಟುಕುಗುಟುಕಾಗಿ ದಿನವಿಡೀ ಕುಡಿಯುತ್ತಿರಬೇಕು.

ಆ ತಾಯಿಗೆ ಶಸ್ತ್ರಚಿಕಿತ್ಸಕರೊಡನೆ ಮಾತನಾಡಿ ಸಿಟ್ರೇಟ್ ಹಾಗೂ ವಿಟಮಿನ್ ಡಿ ಆರಂಭಿಸಿದೆವು. ಎಂಟು ತಿಂಗಳಲ್ಲಿ ಪ್ಯಾರಾಥೈರಾಯ್ಡ್ ಹಾರ್ಮೋನು ಇಳಿದಿದೆ. ಪಂಕ್ತಿಯಿಂದ ಏಳುವಾಗ ಈಗಲೂ ಒಂದು ಕೈ ಊರುತ್ತಾರೆ, ಮೊದಲು ಎರಡೂ ಬೇಕಾಗುತ್ತಿದ್ದವು.